ಎಪ್ಪತ್ತೆಂಟು ಸುತ್ತು

ಅಂಗಡಿ ಬಾಗಿಲು ತೆಗೆದ ಮೇಲೆ ನನ್ನ ತಮ್ಮ ಮೊದಲು ಮಾಡುವ ಕೆಲಸ ಎಣಿಸುವುದು. ಕಿಟಕಿ ಪಕ್ಕದ ಗ್ರಾಮಾಫೋನಿಗೆ ಕೀ ಕೊಟ್ಟು, ಒಂದು ಸವೆದ ಪ್ಲೇಟಿನ ಅಡಿಗೆ ಬೆರಳಗಲದ ಕಾಗದದ ಚೂರನ್ನು ತುದಿ ಹೊರಗೆ ಚಾಚುವ ಹಾಗೆ ಸಿಕ್ಕಿಸಿ ತಿರುಗಲು ಬಿಡುತ್ತಾನೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬಂದದ್ದೇ ತಡ, ಕಾಗದದ ತುದಿ ತನ್ನ ಮುಂದೆ ಹಾಯ್ದಾಗಲೆಲ್ಲ ತುಟಿಯಲ್ಲೇ ಒಂದು, ಎರಡು, ಮೂರು. ನಿಮಿಷ ಮುಗಿಯುವಾಗ ಎಪ್ಪತ್ತೆಂಟು ಆಗಿರಬೇಕು. ಕಡಿಮೆಯಾದರೆ ಹಾಡುವವರಿಗೆ ತೂಕಡಿಕೆ, ಹೆಚ್ಚಾದರೆ ಬಸ್ಸು ತಪ್ಪುವ ಅವಸರ ಎನ್ನುತ್ತಾನೆ. ಜ್ವರ ಬಂದ ದಿನವೂ ಎಣಿಸಿದ್ದಾನೆ, ಮಗಳ ಮದುವೆಯ ಮಾರನೇ ದಿನವೂ ಎಣಿಸಿದ್ದಾನೆ. ಆ ಒಂದು ನಿಮಿಷ ಅವನ ಬಳಿ ಮಾತಾಡುವಂತಿಲ್ಲ. ನನಗೆ ದೇವರ ಮುಂದೆ ಕೂತಾಗ ಯಾರಾದರೂ ಕರೆದರೆ ಹೇಗೋ, ಅವನಿಗೆ ಅದು ಹಾಗೆ.

ಬೀದಿಯವರು ಅವನನ್ನು ಕರೆಯುವುದೂ ಎಪ್ಪತ್ತೆಂಟು ಎಂದೇ. ನಾನು ಹೇಳುತ್ತಿರುವ ಸಂಗತಿ ನಡೆದಾಗ ಅವನಿಗೆ ಐವತ್ತೊಂದು.

ಅವನು ಇದನ್ನು ಯಾವ ಶಾಲೆಯಲ್ಲೂ ಕಲಿತವನಲ್ಲ. ಹದಿನಾಲ್ಕಕ್ಕೆ ಹೊಲಿಗೆ ಯಂತ್ರ ರಿಪೇರಿ ಮಾಡುವವರ ಕೈಕೆಳಗೆ ಸೇರಿದ್ದ. ಇಪ್ಪತ್ತರಲ್ಲಿ ಗುಜರಿಯವನ ರಾಶಿಯಲ್ಲಿ ಕಹಳೆ ಕಿತ್ತುಹೋದ ಗ್ರಾಮಾಫೋನ್ ಪೆಟ್ಟಿಗೆಯೊಂದು ಕಂಡು, ಅದನ್ನು ತೂಕಕ್ಕೆ ಕೊಂಡು, ಹೆಗಲ ಮೇಲೆ ಹೊತ್ತು ತಂದ. ಒಳಗಿನ ಡಬ್ಬಿಯಲ್ಲಿ ಹತ್ತು ಹನ್ನೆರಡು ಅಡಿ ಉದ್ದದ ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆದ ಕೂಡಲೇ ಹಾವು ಎಗರಿದಂತೆ ಎಗರಿತು. ಎಡಗೈಯ ಕಿರುಬೆರಳ ತುದಿ ಅವತ್ತೇ ಹೋಯಿತು. ಅಂದಿನಿಂದ ಸಂಜೆ ಮನೆಗೆ ಹೊರಡುವ ಮುನ್ನ ಕೀ ಕೊಟ್ಟ ಯಂತ್ರಗಳನ್ನೆಲ್ಲ ಪೂರ್ತಿ ಓಡಿಸಿ, ಸ್ಪ್ರಿಂಗಿನ ಬಿಗಿ ಇಳಿಸಿಯೇ ಬೀಗ ಹಾಕುತ್ತಾನೆ. "ಬಿಗಿದ ಸ್ಪ್ರಿಂಗ್ ಇಟ್ಕೊಂಡು ಮನೆಗೆ ಹೋಗಬಾರದು ಅಕ್ಕ, ಅದಕ್ಕೂ ನಿದ್ದೆ ಇರಲ್ಲ, ನಮಗೂ ಇರಲ್ಲ" ಎನ್ನುತ್ತಾನೆ.

ಕೆಟ್ಟದ್ದನ್ನು ಕೊಂಡು ತರುವುದು, ಸರಿ ಮಾಡುವುದು, ಮಾರಲು ಮನಸ್ಸಾಗದೆ ಇಟ್ಟುಕೊಳ್ಳುವುದು. ಹೀಗೆ ಅವನ ಸ್ವಂತದ್ದೇ ನಲವತ್ತು ಯಂತ್ರಗಳಾದವು. ಅವನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ತಂದಾಗಲೆಲ್ಲ ಕಪಾಟಿನತ್ತ ಒಮ್ಮೆ ಕಣ್ಣು ಹಾಯಿಸಿ, "ಒಬ್ಬ ಸವತಿ ಇದ್ದಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು, ನಲವತ್ತು ಜನಕ್ಕೆ ಎಲೆಕ್ಷನ್ನೇ ಮಾಡಬೇಕು" ಎನ್ನುತ್ತಿದ್ದಳು. ನನ್ನ ಹೊಲಿಗೆ ಮೇಜು ಅದೇ ಅಂಗಡಿಯ ಬಾಗಿಲ ಪಕ್ಕದಲ್ಲಿ ಇತ್ತು. ಅವನು ಕಿವಿಯಲ್ಲಿ ಕೆಲಸ ಮಾಡುವವನು, ನಾನು ಕಣ್ಣಲ್ಲಿ. ಆದ್ದರಿಂದ ಒಬ್ಬರಿಗೊಬ್ಬರು ತೊಂದರೆ ಇರಲಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ದಿಂಬಿನ ಚೀಲವೊಂದನ್ನು ಎದೆಗವಚಿಕೊಂಡ ಹೆಂಗಸೊಬ್ಬರು ಮೆಟ್ಟಿಲ ಮೇಲೆ ನಿಂತರು. ಶಾಲೆಯಲ್ಲಿ ಟೀಚರಾಗಿದ್ದವರೆಂದು ನಿಂತ ನಿಲುವಿನಲ್ಲೇ ತಿಳಿಯುತ್ತಿತ್ತು.

"ಎಪ್ಪತ್ತೆಂಟು ಅನ್ನೋರು ಇಲ್ಲೇ ಇರೋದಾ?"

"ಇಲ್ಲೇನಮ್ಮ. ಹೆಸರಷ್ಟು ವಯಸ್ಸಾಗಿಲ್ಲ, ಕೈ ನಡುಗಲ್ಲ, ಬನ್ನಿ" ಎಂದ ತಮ್ಮ.

ಟೀಚರಮ್ಮ ನಗಲಿಲ್ಲ. ಚೀಲದಿಂದ ಒಂದು ತಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಸಾಮಾನ್ಯ ಪ್ಲೇಟಿನ ಹಾಗೆ ಕಪ್ಪಗಿರಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ನಡುವೆ ಕೈಬರಹದ ದುಂಡನೆಯ ಕಾಗದ. ತಮ್ಮ ಅದನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡ.

"ಇದು ಅರಗಿನದ್ದಲ್ಲಮ್ಮ, ಅಲ್ಯೂಮಿನಿಯಂದು. ಅಂಗಡೀಲಿ ಮಾರಿದ್ದಲ್ಲ. ಆಗಿನ ಕಾಲದಲ್ಲಿ ಸ್ಟುಡಿಯೋಗೆ ಹೋಗಿ ಮಾತಾಡಿದ್ರೆ ಅಲ್ಲೇ ತಟ್ಟೆ ಮೇಲೆ ಬರೆದು ಕೊಡ್ತಿದ್ರು."

"ನಮ್ಮಮ್ಮ ಮಾತಾಡಿರೋದು, ಕಾಗದದ ಮೇಲೆ ಬರೆದಿರೋದು ನಮ್ಮಪ್ಪ" ಎಂದರು ಅವರು. "ನನಗೆ ಏಳು ತಿಂಗಳಿದ್ದಾಗ ಅವರು ಹೋಗಿಬಿಟ್ರು. ಇರೋದು ಒಂದೇ ಫೋಟೋ, ಅದರಲ್ಲೂ ಮುಖ ಅಲ್ಲಾಡಿಬಿಟ್ಟಿದೆ. ದನಿ ಅಂತ ಇರೋದು ಇದೊಂದೇ. ನಾನು ಕೇಳೇ ಇಲ್ಲ."

"ಇಷ್ಟು ದಿನ?"

"ಐವತ್ತಾರು ವರ್ಷ."

ತಟ್ಟೆಯನ್ನು ಕಾಪಾಡಿಕೊಂಡು ಬಂದವರು ಅವರ ಅಣ್ಣ. ಅಮ್ಮ ಹೋದ ಮೇಲೆ ಮನೆಯ ಗ್ರಾಮಾಫೋನು ಯಾರ ಪಾಲಿಗೋ ಹೋಯಿತಂತೆ. ಮುಂದೆ ಒಂದು ಅಂಗಡಿಗೆ ಒಯ್ದಾಗ ಅಲ್ಲಿಯವನು ಉಕ್ಕಿನ ಪಿನ್ನು ಹಾಕಲು ಹೋದನಂತೆ. ಉಕ್ಕು ತಾಕಿದರೆ ಈ ಮೆತ್ತನೆ ಲೋಹದ ಗೆರೆಗಳೆಲ್ಲ ಕೆರೆದುಹೋಗುತ್ತವೆಂದು ಯಾರೋ ಹೇಳಿದ್ದರಿಂದ ಅಣ್ಣ ತಟ್ಟೆಯನ್ನು ಕಿತ್ತುಕೊಂಡು ಬಂದು ಬಟ್ಟೆಯ ನಡುವೆ ಇಟ್ಟವರು ಮತ್ತೆ ಹೊರಗೆ ತೆಗೆದಿರಲಿಲ್ಲ.

"ಐದು ವರ್ಷದವನಿದ್ದಾಗ ಅಣ್ಣ ಇದನ್ನ ಕೇಳಿದಾನೆ" ಎಂದರು ಟೀಚರಮ್ಮ. "ಕೊನೇಲಿ ಅಮ್ಮ ನನಗೇ ಅಂತ ಏನೋ ಹೇಳ್ತಾರಂತೆ. ಏನು ಅನ್ನೋದು ಅವನಿಗೆ ನೆನಪಿಲ್ಲ. ಹೇಳಿದ್ದಂತೂ ನಿಜ ಅಂತಾನೆ. ನನಗೆ ಅದೊಂದು ಕೇಳಿಸಿಬಿಡಿ."

ತಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಬಿದಿರಿನ ಪಿನ್ನು ಹಾಕಬೇಕು. ಅದೂ ಸ್ವಲ್ಪ ಸವೆಸತ್ತೆ. ಒಂದೇ ಸಲ ಅಂತ ಇಟ್ಕೊಳ್ಳಿ, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡ್ಕೊಳ್ಳೋಣ. ಒಂದು ವಾರ ಕೊಡಿ. ಮುಂದಿನ ಶುಕ್ರವಾರ ನೀವು ಬರೋ ತನಕ ನಾನು ಇದರಲ್ಲಿ ಒಂದು ಮಾತೂ ಕೇಳಲ್ಲ. ಮೊದಲು ಕೇಳೋ ಕಿವಿ ನಿಮ್ಮದೇ ಆಗಬೇಕು."

ಅವರು ಖಾಲಿ ಚೀಲವನ್ನು ಮಡಿಸಿ ಹಿಡಿದುಕೊಂಡು ಹೋದರು. ಮೆಟ್ಟಿಲಿಳಿದ ಮೇಲೆ ಎರಡು ಸಲ ಹಿಂತಿರುಗಿ ನೋಡಿದ್ದನ್ನು ನಾನು ಕಂಡೆ.

ಸೋಮವಾರ ಅಂಗಡಿಗೆ ಫೋನು ಬಂತು. ಟೀಚರಮ್ಮನ ಅಣ್ಣ. ದೂರದ ಊರಿನಲ್ಲಿ ಹೆಸರು ಮಾಡಿದ ಡಾಕ್ಟರು. ಹಳೆಯ ಯಂತ್ರಗಳ ಹುಚ್ಚಿದ್ದ ಅವರ ಸ್ನೇಹಿತರೇ ತಮ್ಮನ ಕೆಲಸಕ್ಕೆ ಮುಕ್ಕಾಲು ಪಾಲು ಆಧಾರವೆಂಬುದು ಆ ಮಾತಿನ ನಡುವೆ ತಿಳಿಯಿತು. ದನಿ ಎಷ್ಟು ಜೋರಾಗಿತ್ತೆಂದರೆ ನನ್ನ ಮೇಜಿಗೂ ಕೇಳಿಸುತ್ತಿತ್ತು.

"ನೋಡಪ್ಪಾ, ನನ್ನ ಕಣ್ಣಿನ ಹಾಗೆ ಇಟ್ಕೊಂಡಿದ್ದೆ. ತಂಗಿ ಹಟಕ್ಕೆ ಕೊಟ್ಟಿದೀನಿ. ಒಂದು ಗೀರು ಬಿದ್ರೂ ನಾನು ಸುಮ್ಮನೆ ಬಿಡೋನಲ್ಲ. ಶನಿವಾರ ನಾನೇ ಬಂದು ತಗೊಂಡು ಹೋಗ್ತೀನಿ."

"ಬೀಳಲ್ಲ ಸಾರ್" ಎಂದ ತಮ್ಮ.

ನಾನು ಯಂತ್ರದ ಪೆಡಲು ನಿಲ್ಲಿಸಿದೆ. ಮೂವತ್ತು ವರ್ಷದಲ್ಲಿ ಅವನು ಯಾರಿಗೂ 'ಆಗತ್ತೆ' ಎಂದು ಮಾತು ಕೊಟ್ಟದ್ದನ್ನು ನಾನು ಕೇಳಿರಲಿಲ್ಲ. 'ನೋಡೋಣ' ಎನ್ನುವುದು ಅವನ ಮಾತು.

ಆ ವಾರ ಬೇರೆ ಕೆಲಸ ಮುಟ್ಟಲಿಲ್ಲ. ನಲವತ್ತು ಯಂತ್ರಗಳಲ್ಲಿ ಅತಿ ಹಗುರ ಸೌಂಡ್ ಬಾಕ್ಸ್ ಇದ್ದ ಒಂದನ್ನು ಆರಿಸಿದ. ಸೌಂಡ್ ಬಾಕ್ಸ್ ಎಂದರೆ ಪಿನ್ನು ಹಿಡಿದುಕೊಂಡಿರುವ ದುಂಡನೆಯ ಡಬ್ಬಿ, ಗ್ರಾಮಾಫೋನಿನ ಗಂಟಲು. ಅದರೊಳಗಿನ ಅಭ್ರಕದ ಬಿಲ್ಲೆಯನ್ನು ಹೊಸದಾಗಿ ಕೂರಿಸಿದ. ಬಿದಿರನ್ನು ಮೂರು ಮೂಲೆಯಾಗಿ ಸೀಳಿ, ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕಿ, ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ ಹನ್ನೊಂದು ಪಿನ್ನು ಮಾಡಿ, ಅದರಲ್ಲಿ ಮೂರನ್ನು ಎತ್ತಿಟ್ಟುಕೊಂಡ. ತಟ್ಟೆಯನ್ನು ಉಗುರುಬೆಚ್ಚಗಿನ ನೀರಿನ ಹತ್ತಿಯಲ್ಲಿ ಗೆರೆಗೆರೆಯಾಗಿ ಒರೆಸಿದ. ನಡುವಿನ ಕಾಗದಕ್ಕೆ ಮಾತ್ರ ಹತ್ತಿ ತಾಗಿಸಲಿಲ್ಲ. ಅದರ ಅಂಚಿನಲ್ಲಿ ಕರಿ ಜಿಡ್ಡು ಕಟ್ಟಿಕೊಂಡಿತ್ತು.

"ಅದೊಂದು ಯಾಕೆ ಬಿಟ್ಟೆ?" ಎಂದು ಕೇಳಿದೆ.

"ಅವರಪ್ಪನ ಕೈಬರಹ ಅಕ್ಕ. ಶಾಯಿ ಹರಡಿಬಿಟ್ರೆ? ಇದ್ದ ಹಾಗೇ ಇರಲಿ."

ಗುರುವಾರ ಮಧ್ಯಾಹ್ನ ಮೂರು ಗಂಟೆ ಇರಬಹುದು. ಎಲ್ಲ ಸಿದ್ಧವಾಗಿತ್ತು. ಬಿದಿರಿನ ಪಿನ್ನು ಗೆರೆಯಲ್ಲಿ ಕೂರುತ್ತದೋ ಇಲ್ಲವೋ ಎಂದು ಒಂದು ಸಲ ನೋಡಿಬಿಡುತ್ತೇನೆ ಎಂದ.

"ಕೇಳಲ್ಲ ಅಂದಿದ್ಯಲ್ಲ?"

"ಕೇಳಲ್ಲ. ಯಾವ ಪ್ಲೇಟಿಗಾದ್ರೂ ಹೊರಗಿನ ಒಂದೆರಡು ಸುತ್ತು ಖಾಲಿ ಇರತ್ತೆ, ಮಾತು ಶುರುವಾಗೋದು ಆಮೇಲೆ. ಖಾಲಿ ಜಾಗದಲ್ಲಿ ಒಂದು ಸುತ್ತು ಬಿಟ್ಟು ಎತ್ತಿಬಿಡ್ತೀನಿ."

ಸಾವಿರಾರು ಸಲ ಮಾಡಿದ ಕೆಲಸ. ಕೀ ಕೊಟ್ಟ. ತಟ್ಟೆ ತಿರುಗಿತು. ಸೌಂಡ್ ಬಾಕ್ಸಿನ ತೋಳು ಎತ್ತಿ ಪಿನ್ನನ್ನು ಹೊರಗಿನ ಅಂಚಿನ ಮೇಲೆ ಹೂ ಇಟ್ಟಂತೆ ಇಟ್ಟ. ಅದು ಒಳಗೆ ಸಾಗಬೇಕಿತ್ತು. ಸಾಗಲಿಲ್ಲ. ಹೊರಗೆ ಜಾರಿತು. ಸೌಂಡ್ ಬಾಕ್ಸ್ ಅಂಚಿನಿಂದ ಕೆಳಗೆ ಬೀಳುವಷ್ಟರಲ್ಲಿ ಅವನ ಕೈ ಗಾಬರಿಯಿಂದ ತೋಳನ್ನು ಹಿಡಿದು ಒಳಕ್ಕೆ ಎಳೆಯಿತು. ಬಿದಿರು ಚಟ್ಟನೆ ಮುರಿಯಿತು. ಪಿನ್ನು ಹಿಡಿಯುವ ಉಕ್ಕಿನ ಮೂತಿ ತಟ್ಟೆಯ ಮೇಲೆ ಅಡ್ಡಕ್ಕೆ ಹಾಯ್ದ ಸದ್ದನ್ನು ನಾನು ಇಲ್ಲಿ ಬರೆಯಲಾರೆ. ಒಂದು ಕ್ಷಣವೂ ಇರಲಿಲ್ಲ ಅದು.

ತಮ್ಮ ಯಂತ್ರ ನಿಲ್ಲಿಸಿ, ಕಣ್ಣಿಗೆ ಭೂತಗಾಜು ಹಿಡಿದು ಕೂತ. ಹೊರಗಿನ ಎಂಟು ಗೆರೆಗಳ ಮೇಲೆ ಕೂದಲೆಳೆಯಂಥ ಗೀರು. ಹತ್ತಿ ತೆಗೆದುಕೊಂಡು, ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ ಆ ಕಾಗದದ ಅಂಚಿನ ಜಿಡ್ಡನ್ನು ಮೆಲ್ಲನೆ ಬಿಡಿಸಿದ. ಕೆಳಗೆ ಲೋಹದ ಮೇಲೆ ಮೊಳೆಯಲ್ಲಿ ಕೊರೆದ ಪುಟ್ಟ ಬಾಣವೊಂದು ಕಂಡಿತು. ಅದು ಹೊರಕ್ಕೆ ಮುಖ ಮಾಡಿತ್ತು.

"ಅಕ್ಕ" ಎಂದ. ದನಿ ಅವನದಾಗಿರಲಿಲ್ಲ. "ಇದು ಒಳಗಿಂದ ಹೊರಕ್ಕೆ ಬರೆದಿರೋ ತಟ್ಟೆ. ಕೆಲವು ಸ್ಟುಡಿಯೋದವರು ಹಾಗೆ ಮಾಡ್ತಿದ್ರು ಅಂತ ಕೇಳಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಶುರು ಅಂತ ನಾನು ಅಂದ್ಕೊಂಡಿದ್ದು ಶುರು ಅಲ್ಲ. ಕೊನೆ."

ಕೊನೆಯಲ್ಲಿ ಏನಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಬಟ್ಟೆಯಿಂದ ಸೂಜಿ ತೆಗೆದಿಟ್ಟು ಮನಸ್ಸಿನಲ್ಲೇ ದೇವರನ್ನು ನೆನೆದೆ. ಏನು ಬೇಡಬೇಕೆಂದು ತೋಚಲಿಲ್ಲ. ಗೀರು ಮಾಯಿಸು ಎಂದು ಕೇಳಲು ನಾಚಿಕೆಯಾಯಿತು.

ಊಟದ ಖಾಲಿ ಡಬ್ಬಿ ಒಯ್ಯಲು ಅವನ ಹೆಂಡತಿ ಬಂದಳು. ಗಂಡನ ಮುಖ ನೋಡಿದವಳೇ ಬಾಗಿಲು ಮುಂದಕ್ಕೆ ಮಾಡಿದಳು. ವಿಷಯ ಕೇಳಿ ತಟ್ಟೆಯ ಮೇಲೆ ಬಗ್ಗಿ ನೋಡಿದಳು.

"ಐವತ್ತಾರು ವರ್ಷದ ತಟ್ಟೆ ಕಣ್ರೀ. ಒಂದು ಗೀರು ಮೊದಲೇ ಇರಬಾರದಾ? ಯಾರು ಭೂತಗಾಜು ಹಿಡಿದು ನೋಡಿದ್ರು?"

"ನಾನು ನೋಡಿದೀನಿ. ಇರಲಿಲ್ಲ."

"ನೀವು ನೋಡಿದ್ದು ನಿಮಗೆ ಗೊತ್ತು, ಅವರಿಗಲ್ಲ. ಆ ಡಾಕ್ಟರು ಒಂದು ಮಾತು ಆಡಿದ್ರೆ ನಾಳೆಯಿಂದ ಒಂದು ಪೆಟ್ಟಿಗೇನೂ ಈ ಮೆಟ್ಟಿಲು ಹತ್ತಲ್ಲ. ಬಾಯಿ ಬಿಟ್ರೆ ಬಣ್ಣಗೇಡು. ನಾನು ಕೆಟ್ಟವಳು ಅಂದ್ಕೊಳ್ಳಿ ಪರವಾಗಿಲ್ಲ, ಸುಮ್ಮನಿದ್ದುಬಿಡಿ." ಅವಳ ಕಣ್ಣು ತುಂಬಿತ್ತು. ಕೆಟ್ಟವಳು ಹಾಗೆ ಹೇಳುವುದಿಲ್ಲ.

ಅವಳು ಹೋದ ಮೇಲೆ ತಮ್ಮ ನನ್ನತ್ತ ತಿರುಗಿದ. "ನೀನೇನು ಅಂತೀಯ ಅಕ್ಕ?"

"ಬೆಳಗ್ಗೆ ಎಷ್ಟು ಸುತ್ತು ಎಣಿಸಬೇಕು ಅಂತ ನಾನು ಯಾವತ್ತಾದ್ರೂ ನಿನಗೆ ಹೇಳಿದೀನಾ?" ಎಂದೆ. ಅಷ್ಟೇ ಹೇಳಲು ಬಂದದ್ದು.

ಮಾರನೇ ಬೆಳಗ್ಗೆ ಅವನು ಎಣಿಸಿದ. ಎಪ್ಪತ್ತಾರು ಬಂತು. ಯಂತ್ರ ಮುಟ್ಟದೆ ಮತ್ತೆ ಎಣಿಸಿದ, ಎಂಬತ್ತು. ತಪ್ಪಿದ್ದು ಯಂತ್ರವಲ್ಲ. ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಮೂರನೇ ಸಲ ಕೂತಾಗ ಎಪ್ಪತ್ತೆಂಟಾಯಿತು.

ಟೀಚರಮ್ಮ ಹತ್ತಕ್ಕೆ ಬಂದರು. ಹೊಸ ಕ್ಯಾಸೆಟ್ಟು ತಂದಿದ್ದರು. ನಾನು ಬೀದಿ ಬಾಗಿಲು ಮುಚ್ಚಿ, ಸೈಕಲ್ ಗಂಟೆ ಕೇಳಿಸದಂತೆ ಸಂದಿಗೆ ಬಟ್ಟೆ ತುರುಕಿದೆ.

"ಅಮ್ಮಾ, ಮೊದಲು ನಿಮಗೊಂದು ಮಾತು ಹೇಳಬೇಕು" ಎಂದು ತಮ್ಮ ಶುರು ಮಾಡಿದ.

"ಏನಿದ್ರೂ ಆಮೇಲೆ. ದಯವಿಟ್ಟು. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು, ಮೊದಲು ಹಾಕಿಬಿಡಿ." ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟರು.

ಅವನು ನನ್ನ ಮುಖ ನೋಡಿದ. ಆಮೇಲೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಪಿನ್ನನ್ನು ಈ ಸಲ ನಡುವಿನ ಕಾಗದದ ಪಕ್ಕದಲ್ಲಿ ಇಳಿಸಿದ.

ಸರಸರ ಸದ್ದು. ಅದರೊಳಗಿಂದ ಒಂದು ಹೆಣ್ಣು ದನಿ, ಚಿಕ್ಕ ವಯಸ್ಸಿನದು: "ಶುರುವಾಯ್ತಾ? ಈಗ ಮಾತಾಡ್ಲಾ?" ಹಿಂದೆ ಯಾರೋ ಗಂಡಸು ನಕ್ಕರು. "ಏ, ಆ ತಂತಿ ಮುಟ್ಟಬೇಡ್ವೋ, ಕೈ ತೆಗಿ." ಅದು ಐದು ವರ್ಷದ ಡಾಕ್ಟರಿಗೆ ಬಿದ್ದ ಗದರಿಕೆ. ಆಮೇಲೆ ಆ ತಾಯಿ ದೂರದಲ್ಲಿದ್ದ ತನ್ನ ಅಕ್ಕನಿಗೆಂದು ಮನೆಯ ಸಮಾಚಾರ ಹೇಳತೊಡಗಿದರು. ಬಾವಿಗೆ ಹೊಸ ಹಗ್ಗ ಹಾಕಿಸಿದ್ದು, ಬೆಕ್ಕು ಕಪಾಟಿನಲ್ಲಿ ಮರಿ ಹಾಕಿದ್ದು. ನಡುವೆ ಒಂದು ಮಗು ಅತ್ತಿತು.

"ನಾನು" ಎಂದರು ಟೀಚರಮ್ಮ, ಗಾಳಿಯಂಥ ದನಿಯಲ್ಲಿ. ಆ ತಾಯಿ ಸತ್ತಾಗಿನ ವಯಸ್ಸಿನ ಎರಡರಷ್ಟು ಆಗಿತ್ತು ಮಗಳಿಗೆ.

ಪಿನ್ನು ಹೊರಗೆ ಸಾಗುತ್ತಿತ್ತು. ನಾನು ತಟ್ಟೆಯ ಕಡೆ ನೋಡಲಿಲ್ಲ, ತಮ್ಮನ ಕೈ ನೋಡುತ್ತಿದ್ದೆ. ಮೇಜಿನ ಅಂಚನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

"ಗುಬ್ಬೀ, ಅಳಬೇಡ, ಅಳಬೇಡ ಕಂದ. ದೊಡ್ಡವಳಾದ ಮೇಲೆ ಇದನ್ನ ಕೇಳ್ತೀಯಲ್ಲ ನೀನು, ಆಗ..." ಟಕ್. ಪಿನ್ನು ಹಾರಿತು. ಟಕ್. ಯಾವುದೋ ಮಾತಿನ ಬಾಲ. ಟಕ್. ಸರಸರ. ಟಕ್. "...ಗೊತ್ತಾಯ್ತಾ?" ಎಂದಿತು ದನಿ, ನಗುತ್ತಾ. ಪಿನ್ನು ಅಂಚಿಗೆ ಬಂತು. ತಮ್ಮ ತೋಳನ್ನು ಎತ್ತಿ ಹಿಡಿದ.

ಟೀಚರಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ಕೆನ್ನೆ ಒದ್ದೆಯಾಗಿತ್ತು. ಬಹಳ ಹೊತ್ತಿನ ಮೇಲೆ, "ಕೊನೆ ಮಾತು ಹೋಗಿಬಿಟ್ಟಿದೆ ಅಲ್ವಾ? ಪಾಪ, ಎಷ್ಟು ಹಳೇದು" ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ತಪ್ಪಿಸಿಕೊಳ್ಳುವ ದಾರಿ ತೆರೆದೇ ಇತ್ತು ಎನ್ನಬೇಕು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವರೇ ಕಾರಣ ಹುಡುಕಿ ಕೊಟ್ಟಿದ್ದರು.

"ಹಳೇದಾಗಿ ಹೋಗಿದ್ದಲ್ಲಮ್ಮ. ನೆನ್ನೆ ಮಧ್ಯಾಹ್ನದ ತನಕ ಇತ್ತು" ಎಂದ ತಮ್ಮ. "ನಾನು ಹಾಳು ಮಾಡಿದೆ." ಒಂದನ್ನೂ ಬಿಡದೆ ಹೇಳಿದ. ಖಾಲಿ ಸುತ್ತು ಎಂದುಕೊಂಡದ್ದು, ಕಾಗದದ ಅಂಚಿನ ಬಾಣ, ಕೈ ಗಾಬರಿಯಾದದ್ದು. ಭೂತಗಾಜು ಕೊಟ್ಟು ಗೀರನ್ನೂ ತೋರಿಸಿದ.

ಅವರು ನೋಡಿದರು. ಎದ್ದು ಬಾಗಿಲ ಬಳಿ ಹೋಗಿ ಬೆನ್ನು ಮಾಡಿ ನಿಂತರು. ಹೋಗಿಬಿಡುತ್ತಾರೆ ಎಂದುಕೊಂಡೆ. ನನ್ನ ಮೇಜಿನ ಮೇಲಿದ್ದ ಬಟ್ಟೆಯ ಚೂರನ್ನು ಎತ್ತಿಕೊಂಡು ಸುಮ್ಮನೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ಎದ್ದು ಹೋಗಿ ಅವರ ಜೊತೆ ನಿಂತೆ. ಕೆಲವು ಹೊತ್ತಿನಲ್ಲಿ ಪಕ್ಕದಲ್ಲಿರುವುದಷ್ಟೇ ನಮ್ಮ ಪಾಲಿನ ಕೆಲಸ.

"ಐವತ್ತಾರು ವರ್ಷ" ಎಂದರು, ಯಾರಿಗೆಂದಿಲ್ಲದೆ. "ಒಂದು ದಿನ ತಡೆದಿದ್ರೆ."

"ಹೌದಮ್ಮ."

"ನಿಮ್ಮನ್ನ ಬೈಯೋಕೆ ಬಾಯಿ ಬರ್ತಾ ಇಲ್ಲ. ಬರತ್ತೇನೋ, ಮನೆಗೆ ಹೋದ ಮೇಲೆ."

"ಬಂದಾಗ ಬೈಯಿರಿ. ಫೋನ್ ಮಾಡಿ ಬೈದ್ರೂ ಸರಿ."

ಅವರ ಮೂಗಿನಿಂದ ನಗುವೂ ಅಲ್ಲದ ಅಳುವೂ ಅಲ್ಲದ ಸದ್ದೊಂದು ಬಂತು. ತಿರುಗಿ ಬಂದು ಕೂತು, ಟೇಪ್ ಹಾಕಲು ಹೇಳಿದರು. ಎರಡು ಸಲ ಕೇಳಿದರು. ಮೂರನೇ ಸಲ 'ಗುಬ್ಬೀ' ಎಂದಲ್ಲಿಗೆ ತಾವೇ ಗುಂಡಿ ಒತ್ತಿ ನಿಲ್ಲಿಸಿದರು.

"ಈ ಹೆಸರು ನನಗೆ ಗೊತ್ತೇ ಇರಲಿಲ್ಲ" ಎಂದರು. "ಅಣ್ಣ ಯಾವತ್ತೂ ಹೇಳಿರಲಿಲ್ಲ. ಮರೆತಿದ್ದ ಅಂತ ಕಾಣತ್ತೆ."

ತಟ್ಟೆಯನ್ನು ದಿಂಬಿನ ಚೀಲಕ್ಕೆ ಹಾಕಲು ಹೋಗಿ ಕೈ ತಡೆದರು. ಅದು ಶನಿವಾರದವರೆಗೆ ಅಲ್ಲೇ ಇರಬೇಕು, ಅಣ್ಣ ಬಂದು ಒಯ್ಯುತ್ತಾರೆ ಎಂಬುದು ಆಗ ನೆನಪಾಯಿತು. ಅವರ ಮುಖ ಬೇರೆಯಾಯಿತು. ದನಿ ತಗ್ಗಿಸಿದರು.

"ನಾಳೆ ಬೆಳಗ್ಗೆ ಬಸ್ಸಿಗೆ ಅಣ್ಣ ಬರ್ತಾನೆ. ಅವನ ಕೋಪ ನಿಮಗೆ ಗೊತ್ತಿಲ್ಲ. ಬಂದೋರು ಹೋದೋರಿಗೆಲ್ಲ ಹೇಳಿಕೊಂಡು ತಿರುಗ್ತಾನೆ, ಈ ಅಂಗಡಿಗೆ ಯಾರೂ ಬರದ ಹಾಗೆ ಮಾಡಿಬಿಡ್ತಾನೆ. ಒಂದು ಕೆಲಸ ಮಾಡ್ತೀನಿ. ನಾನು ಚೀಲದಿಂದ ತೆಗೆಯೋವಾಗಲೇ ಗೀರಿತ್ತು ಅಂತ ಹೇಳ್ತೀನಿ. ನನ್ನ ಬಳೆ ತಾಗಿತು ಅಂದ್ರೂ ಆಯ್ತು. ನನ್ನ ಮೇಲೆ ಎಷ್ಟು ಅಂತ ಕೂಗಾಡ್ತಾನೆ? ನೀವು ನನಗೆ ನಿಜ ಹೇಳಿದಿರಿ, ಅಷ್ಟು ಸಾಕು. ಇನ್ನು ಯಾರಿಗೂ ಹೇಳಬೇಡಿ."

ತಮ್ಮನ ಹೆಂಡತಿಯ ಮಾತು ನನ್ನ ಕಿವಿಯಲ್ಲಿತ್ತು, ಅವನ ಕಿವಿಯಲ್ಲೂ ಇದ್ದಿರಲೇಬೇಕು. ಬೇಡವೆನ್ನಲು ಅವನಿಗೆ ಸುಲಭವಾಗಿರಲಿಲ್ಲ. ಗ್ರಾಮಾಫೋನಿನಲ್ಲಿ ಇನ್ನೂ ಅರ್ಧ ಕೀ ಉಳಿದಿತ್ತು. ಚಕ್ರ ನಿಲ್ಲಿಸುವ ತಡೆಯನ್ನು ಬಿಟ್ಟ. ಬರಿದಾದ ಚಕ್ರ ಸುತ್ತಿ ಸುತ್ತಿ, ನಿಧಾನವಾಗಿ, ತಾನಾಗಿ ನಿಂತಿತು.

"ಬೇಡಮ್ಮ" ಎಂದ ತಮ್ಮ. "ನಿಮ್ಮಮ್ಮನ ಮಾತು ಕಳೆದೋನು ನಾನು. ಅದರ ಮೇಲೆ ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸಲಾ? ಅಣ್ಣನೋರು ಬರಲಿ. ಬಾಗಿಲು ಒಂಬತ್ತಕ್ಕೆ ತೆಗೀತೀನಿ. ಒಂದು ನಿಮಿಷ ಎಣಿಸೋದಿರತ್ತೆ, ಅದೊಂದು ಮುಗಿಯೋ ತನಕ ಕಾಯೋಕೆ ಹೇಳಿ. ಆಮೇಲೆ ನಾನೇ ಹೇಳ್ತೀನಿ."